ನೀಟ್ ವರ್ಷದ ಭಾನುವಾರಗಳು: ಬಳ್ಳಾರಿ, ರಾಯಚೂರು, ಕೊಪ್ಪಳದ ಕ್ರೈಸ್ತ ವಿದ್ಯಾರ್ಥಿಗಳಿಗೊಂದು ಮಾರ್ಗದರ್ಶಿ

ಜೂನ್ ಬಂತೆಂದರೆ ಒಂದೇ ಪ್ರಶ್ನೆ ನಾಲ್ಕಾರು ಬಾಯಿಗಳಿಂದ ನನ್ನ ಬಳಿ ಬರುತ್ತದೆ. ಕೇಳುವವರು ಸಿಂಧನೂರಿನವರಿರಬಹುದು, ಗಂಗಾವತಿಯವರಿರಬಹುದು, ಬಳ್ಳಾರಿಯ ಕೌಲ್ ಬಜಾರಿನವರೇ ಇರಬಹುದು. "ಮಗಳು ಮುಂದಿನ ವರ್ಷ ನೀಟ್ ಬರೆಯುತ್ತಾಳೆ. ಚರ್ಚ್ ಬಿಡಿಸಬೇಕೇ?" ಎಂದು ಹೆತ್ತವರು ಕೇಳುತ್ತಾರೆ. ಮಕ್ಕಳು ಅದನ್ನೇ ಮಗುಚಿ ಹಾಕುತ್ತಾರೆ: "ಸರ್, ಟೆಸ್ಟ್ ಭಾನುವಾರವೇ ಇಡುತ್ತಾರೆ. ಆರಾಧನೆಗೆ ಹೋಗದಿದ್ದರೆ ಪಾಪವೇ?" ವಾರದಲ್ಲಿ ಆರು ದಿನ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿ, ಏಳನೆಯ ದಿನ ಸಂಡೇ ಸ್ಕೂಲ್ ಮಕ್ಕಳನ್ನು ಸಂಭಾಳಿಸುವವನಾದ್ದರಿಂದ ಎರಡೂ ಕಡೆಯ ಒತ್ತಡ ನನಗೆ ಗೊತ್ತು. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಹೇಳುತ್ತಿದ್ದುದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆರಾಧನೆಗೆ ಹೋದ ಎರಡು ಗಂಟೆಯಿಂದ ಸೀಟು ತಪ್ಪಿದವರನ್ನು ನಾನು ಕಂಡಿಲ್ಲ. ಹೋಗಲೋ ಬೇಡವೋ ಎಂದು ಶನಿವಾರ ರಾತ್ರಿಯೆಲ್ಲ ಹೊಯ್ದಾಡಿ, ಹೋಗದೆ ಉಳಿದು, ಉಳಿದ ತಪ್ಪಿಗೆ ಪುಸ್ತಕದ ಮುಂದೆ ಸುಮ್ಮನೆ ಕುಳಿತವರನ್ನು ಬಹಳ ಕಂಡಿದ್ದೇನೆ. ಆದ್ದರಿಂದ ಕೆಳಗಿನ ಎಲ್ಲ ಹಂತಗಳ ಗುರಿ ಒಂದೇ: ವರ್ಷದ ನಿರ್ಧಾರಗಳನ್ನು ವರ್ಷಾರಂಭದಲ್ಲಿ ಒಂದೇ ಸಲ ಮಾಡಿ ಮುಗಿಸುವುದು.

ಅದಕ್ಕೆ ಬೇಕಾದ ಸಾಮಾನು ಇಷ್ಟೇ. ಕಾಲೇಜಿನ ವೇಳಾಪಟ್ಟಿ, ಕೋಚಿಂಗ್ ಇದ್ದರೆ ಅದರ ಟೆಸ್ಟ್ ಪಟ್ಟಿ, ನಿಮ್ಮ ಸಭೆಯ ವರ್ಷದ ಕಾರ್ಯಕ್ರಮ ಪಟ್ಟಿ, ಒಂದು ದೊಡ್ಡ ಹಾಳೆ, ಒಂದು ಇನ್ನೂರು ಪುಟದ ನೋಟ್‌ಬುಕ್. ಜೊತೆಗೆ ತಂದೆ ತಾಯಿ ಮತ್ತು ಸಭಾಪಾಲಕರು ಅಥವಾ ಧರ್ಮಗುರುಗಳು ಒಟ್ಟಿಗೆ ಕೂರುವ ಒಂದು ಗಂಟೆ. ಕೊನೆಯದನ್ನು ಹೊಂದಿಸುವುದೇ ಕಷ್ಟ, ಆದರೆ ಅದಿಲ್ಲದೆ ಉಳಿದದ್ದು ನಿಲ್ಲುವುದಿಲ್ಲ.

ಹಂತ 1: ಪರೀಕ್ಷೆ ಹೇಗಿದೆ ಎಂದು ತಿಳಿದುಕೊಳ್ಳಿ

ನೀಟ್ ಎಂದರೆ ವೈದ್ಯಕೀಯ ಪದವಿಗೆ ದೇಶಕ್ಕೆಲ್ಲ ಒಂದೇ ಪ್ರವೇಶ ಪರೀಕ್ಷೆ. ನಡೆಸುವುದು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ. 2025ರ ಮಾದರಿಯಲ್ಲಿ 180 ಪ್ರಶ್ನೆ, 180 ನಿಮಿಷ, 720 ಅಂಕ. ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90 ಪ್ರಶ್ನೆ. ಸರಿಯುತ್ತರಕ್ಕೆ 4 ಅಂಕ ಸಿಗುತ್ತದೆ, ತಪ್ಪಿಗೆ 1 ಅಂಕ ಕಳೆಯುತ್ತದೆ. ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ಸಿಗುತ್ತದೆ, ಅರ್ಜಿಯಲ್ಲಿಯೇ ಆರಿಸಿಕೊಳ್ಳಬೇಕು. ಭಾಷಾಂತರದಲ್ಲಿ ಗೊಂದಲ ಬಂದರೆ ಇಂಗ್ಲಿಷ್ ಆವೃತ್ತಿಯೇ ಅಂತಿಮ, ಆದ್ದರಿಂದ ಕನ್ನಡ ಮಾಧ್ಯಮದವರು ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಯಲ್ಲಿ ಕಲಿತಿರಬೇಕು.

ಈ ಲೇಖನಕ್ಕೆ ಮುಖ್ಯವಾದ ಸಂಗತಿ ಬೇರೆಯೇ ಇದೆ. ನೀಟ್ ನಡೆದದ್ದು 2023ರಲ್ಲಿ ಮೇ 7, 2024ರಲ್ಲಿ ಮೇ 5, 2025ರಲ್ಲಿ ಮೇ 4. ಮೂರೂ ಭಾನುವಾರ, ಮೂರೂ ಸಲ ಮಧ್ಯಾಹ್ನ ಎರಡು ಗಂಟೆಯಿಂದ. ಇದನ್ನು ನೆನಪಿನಲ್ಲಿಡಿ, ನಾಲ್ಕನೆಯ ಹಂತದಲ್ಲಿ ಉಪಯೋಗಕ್ಕೆ ಬರುತ್ತದೆ.

ಹಂತ 2: ಎರಡು ಕ್ಯಾಲೆಂಡರ್‌ಗಳನ್ನು ಒಂದೇ ಹಾಳೆಗೆ ತನ್ನಿ

ಪರೀಕ್ಷೆಯ ಕ್ಯಾಲೆಂಡರ್ ಗೋಡೆಯ ಮೇಲಿರುತ್ತದೆ, ಸಭೆಯ ಕ್ಯಾಲೆಂಡರ್ ಅಮ್ಮನ ತಲೆಯಲ್ಲಿರುತ್ತದೆ. ಎರಡೂ ಒಂದರ ಮೇಲೊಂದು ಬಂದು ಬೀಳುವುದು ಫೆಬ್ರವರಿಯಿಂದ ಮೇ ತನಕ.

2025ನೇ ಇಸವಿಯನ್ನೇ ನೋಡಿ. ದ್ವಿತೀಯ ಪಿಯುಸಿ ಪರೀಕ್ಷೆ ಮಾರ್ಚ್ 1ಕ್ಕೆ ಆರಂಭವಾಯಿತು. ಬೂದಿ ಬುಧವಾರ ಮಾರ್ಚ್ 5. ಅಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಶುರುವಾದದ್ದೇ ಪರೀಕ್ಷೆಯ ನಡುವೆ. ರಾಜ್ಯದ ಸಿಇಟಿ ಏಪ್ರಿಲ್ 16 ಮತ್ತು 17ರಂದು, ಅಂದರೆ ಪವಿತ್ರ ವಾರದಲ್ಲಿ. 17 ಪವಿತ್ರ ಗುರುವಾರ, ಮರುದಿನ ಶುಭ ಶುಕ್ರವಾರ. ಈಸ್ಟರ್ ಏಪ್ರಿಲ್ 20. ನೀಟ್ ಮೇ 4. ಹಬ್ಬಕ್ಕೂ ಪರೀಕ್ಷೆಗೂ ನಡುವೆ ಸರಿಯಾಗಿ ಎರಡು ವಾರ. ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಯಾವ ಭಾನುವಾರವಾದರೂ ಬೀಳಬಹುದಾದ್ದರಿಂದ ಈ ಲೆಕ್ಕ ಪ್ರತಿ ವರ್ಷ ಬದಲಾಗುತ್ತದೆ. 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೇ ಬರುತ್ತದೆ. ಅಣ್ಣನ ವರ್ಷದ ಯೋಜನೆ ತಂಗಿಗೆ ಹೊಂದುವುದಿಲ್ಲ.

ಹಾಳೆಯ ಮೇಲೆ ಪರೀಕ್ಷೆಗಳನ್ನು ಕೆಂಪು ಶಾಯಿಯಲ್ಲಿ, ಸಭೆಯ ದಿನಗಳನ್ನು ನೀಲಿಯಲ್ಲಿ ಬರೆಯಿರಿ. ಕ್ರಿಸ್‌ಮಸ್, ಗರಿಗಳ ಭಾನುವಾರ, ಶುಭ ಶುಕ್ರವಾರ, ಈಸ್ಟರ್ ಎಲ್ಲರಿಗೂ ನೆನಪಿರುತ್ತವೆ. ಮರೆಯುವುದು ಚಿಕ್ಕವನ್ನು: ನವೆಂಬರಿನಲ್ಲಿಯೇ ಶುರುವಾಗುವ ಗಾಯನ ಅಭ್ಯಾಸ, ಡಿಸೆಂಬರಿನ ರಾತ್ರಿಗಳ ಕ್ಯಾರಲ್, ಸುಗ್ಗಿ ಆರಾಧನೆ, ಊರಿನ ಸಭೆಯ ವಾರ್ಷಿಕೋತ್ಸವ, ಮನೆ ಮನೆ ಕೂಟ, ಕಥೋಲಿಕರಲ್ಲಿ ಪಾಲಕ ಸಂತರ ಹಬ್ಬದ ನವದಿನ, ಅಂದರೆ ಒಂಬತ್ತು ದಿನದ ಪ್ರಾರ್ಥನೆ. ಎಲ್ಲಕ್ಕಿಂತ ದೊಡ್ಡ ಬಲೆ ವಿಬಿಎಸ್, ಅಂದರೆ ಬೇಸಿಗೆ ರಜೆಯ ಸತ್ಯವೇದ ಶಾಲೆ. ಅದು ಬರುವುದೇ ಏಪ್ರಿಲ್, ಮೇ ತಿಂಗಳಲ್ಲಿ. "ಪಿಯುಸಿ ಮುಗಿಯಿತಲ್ಲ, ಮಕ್ಕಳಿಗೆ ಹಾಡು ಹೇಳಿಕೊಡು ಬಾ" ಎಂದು ಕರೆಯುವ ಹಿರಿಯರಿಗೆ ನೀಟ್ ಇನ್ನೂ ಮುಂದಿದೆ ಎಂಬುದು ತಿಳಿದಿರುವುದಿಲ್ಲ. ಅವರ ಮೇಲೆ ಸಿಟ್ಟಾಗಬೇಡಿ, ಜೂನ್‌ನಲ್ಲೇ ತಿಳಿಸಿ.

ನಂತರ ಪ್ರತಿ ನೀಲಿ ಗುರುತಿನ ಎದುರು ಮೂರರಲ್ಲಿ ಒಂದನ್ನು ಬರೆಯಿರಿ: "ಪೂರ್ತಿ", "ಅರ್ಧ", "ಈ ವರ್ಷ ಇಲ್ಲ". ಅರ್ಧ ಎಂದರೆ ಆರಾಧನೆಗೆ ಹೋಗಿ ಊಟಕ್ಕೆ ನಿಲ್ಲದೆ ಬರುವುದು. ನಮ್ಮ ಕಡೆ ಆರಾಧನೆಗಿಂತ ಆಮೇಲಿನ ಊಟ, ಮಾತುಕತೆ, ಬೀಳ್ಕೊಡುಗೆಗಳೇ ಉದ್ದ ಎಂಬುದು ಎಲ್ಲರೂ ಬಲ್ಲ ಗುಟ್ಟು.

ಹಂತ 3: ವಾರದ ಗಂಟೆಗಳನ್ನು ಎಣಿಸಿ

ವಾರಕ್ಕೆ 168 ಗಂಟೆ. ದಿನಕ್ಕೆ ಏಳರಂತೆ ನಿದ್ದೆಗೆ 49 ಕಳೆಯಿರಿ. ಕಾಲೇಜು, ಕೋಚಿಂಗ್, ಬಸ್ ಸೇರಿ ಆರು ದಿನಕ್ಕೆ ಎಂಟೆಂಟರಂತೆ 48. ಸ್ನಾನ, ಊಟ, ಬಟ್ಟೆ ಒಗೆಯುವುದಕ್ಕೆ ದಿನಕ್ಕೆ ಎರಡೂವರೆಯಂತೆ ಹದಿನೇಳೂವರೆ. ಉಳಿದದ್ದು ಐವತ್ತಮೂರೂವರೆ. ಅದರಲ್ಲಿ ಭಾನುವಾರಕ್ಕೆ ಹೋಗಿಬರುವುದೂ ಸೇರಿ ಮೂರು ಗಂಟೆ, ದಿನಕ್ಕೆ ಕಾಲು ಗಂಟೆ ಸ್ವಂತ ಪ್ರಾರ್ಥನೆ, ಕಾಲು ಗಂಟೆ ಕುಟುಂಬ ಪ್ರಾರ್ಥನೆ ಎಂದಿಟ್ಟುಕೊಂಡರೆ ಒಟ್ಟು ಆರೂವರೆ. ಇನ್ನೂ 47 ಗಂಟೆ ಸ್ವಂತ ಓದಿಗೆ ಉಳಿದಿದೆ.

ಈಗ ನಿಮ್ಮ ಮೊಬೈಲ್ ತೆರೆದು, ಕಳೆದ ವಾರ ಪರದೆಯ ಮುಂದೆ ಎಷ್ಟು ಗಂಟೆ ಕಳೆದಿರಿ ಎಂದು ತೋರಿಸುವ ಪುಟವನ್ನು ನೋಡಿ. ಆ ಅಂಕಿ ಆರೂವರೆಗಿಂತ ದೊಡ್ಡದಿದ್ದರೆ, ಚರ್ಚ್ ಬಿಡುವ ಮಾತು ಆಮೇಲೆ ಆಡೋಣ.

ಹಂತ 4: ಭಾನುವಾರವನ್ನು ಪರೀಕ್ಷೆಯ ದಿನದಂತೆಯೇ ಕಟ್ಟಿ

ಪರೀಕ್ಷೆ ಭಾನುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಎಂದೆನಲ್ಲ. ಹಾಗಾದರೆ ಜನವರಿಯಿಂದ ಪ್ರತಿ ಭಾನುವಾರವನ್ನೂ ಅದೇ ಅಚ್ಚಿನಲ್ಲಿ ಹಾಕಿ. ಬೆಳಿಗ್ಗೆ ಬೇಗನೆಯ ಆರಾಧನೆ, ಹನ್ನೊಂದೂವರೆಗೆ ಹಗುರವಾದ ಊಟ, ಸ್ವಲ್ಪ ವಿಶ್ರಾಂತಿ, ಎರಡಕ್ಕೆ ಸರಿಯಾಗಿ ಕೆಳಗೆ ಕೂತು ಪೂರ್ಣ ಮಾದರಿ ಪರೀಕ್ಷೆ, ಓಎಂಆರ್ ಹಾಳೆಯ ಮೇಲೆ, ಅಂದರೆ ಉತ್ತರದ ವೃತ್ತವನ್ನು ಪೆನ್ನಿನಿಂದ ತುಂಬುವ ಹಾಳೆಯ ಮೇಲೆ. ಸಂಜೆ ಏನೂ ಬೇಡ. ಹದಿನೈದು ಭಾನುವಾರ ಹೀಗೆ ಕಳೆದರೆ ಮೇ ತಿಂಗಳ ಆ ಭಾನುವಾರ ಮೈಗೆ ಹೊಸದೆನಿಸುವುದಿಲ್ಲ. ಆರಾಧನೆ ಮುಗಿದರೆ ಮುಂದೆ ಪರೀಕ್ಷೆ ಎಂದು ದೇಹವೇ ರೂಢಿ ಮಾಡಿಕೊಂಡಿರುತ್ತದೆ. ರಾಯಚೂರಿನ ಏಪ್ರಿಲ್ ಮಧ್ಯಾಹ್ನ ಎರಡು ಗಂಟೆ ಎಂದರೆ ಏನೆಂದು ನಿಮಗೆ ನಾನು ಹೇಳಬೇಕಿಲ್ಲ. ಆ ಬಿಸಿಲಿನಲ್ಲಿ ತಲೆ ಓಡುವುದಕ್ಕೂ ಅಭ್ಯಾಸ ಬೇಕು. ಕರೆಂಟ್ ಹೋದರೂ ಏಳಬೇಡಿ. ಶಕ್ತಿನಗರದಲ್ಲಿ ವಿದ್ಯುತ್ ಹುಟ್ಟುತ್ತದೆ, ಕುಡತಿನಿಯಲ್ಲಿಯೂ ಹುಟ್ಟುತ್ತದೆ, ದೀಪದ ಬುಡದಲ್ಲಿ ಕತ್ತಲೆ ನಮಗೆ ಹಳೆಯ ಗೆಳೆಯ.

ಇನ್ನು ಯಾವ ಆರಾಧನೆಗೆ ಹೋಗಬೇಕು? ಇದು ಸಭೆಯಿಂದ ಸಭೆಗೆ ಬೇರೆ.

ಕಥೋಲಿಕರಿಗೆ ಸುಲಭದ ದಾರಿಯಿದೆ. ಶನಿವಾರ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕಟ್ಟಳೆ ಪೂರೈಸಿದಂತೆಯೇ ಎಂದು ಧರ್ಮಸಭೆಯ ಕಾನೂನೇ ಹೇಳುತ್ತದೆ. ನಿಮ್ಮ ಧರ್ಮಕೇಂದ್ರದಲ್ಲಿ ಶನಿವಾರದ ಪೂಜೆ ಇದೆಯೇ ಎಂದು ವಿಚಾರಿಸಿ. ಸಿಎಸ್‌ಐ (ದಕ್ಷಿಣ ಭಾರತ ಸಭೆ), ಮೆಥೋಡಿಸ್ಟ್ ಸಭೆಗಳವರು ಬೆಳಗಿನ ಮೊದಲ ಆರಾಧನೆಗೆ ಹೋಗಿ. ಬಳ್ಳಾರಿಯಂಥ ಊರಿನಲ್ಲಿ ಕನ್ನಡದ ಆರಾಧನೆ ತಡವಾಗಿದ್ದರೆ ಅದೇ ಕಟ್ಟಡದಲ್ಲಿ ತೆಲುಗೋ ಇಂಗ್ಲಿಷೋ ಬೇಗ ಇರಬಹುದು. ಒಂದು ವರ್ಷ ತೆಲುಗಿನಲ್ಲಿ ಹಾಡಿದರೆ ದೇವರಿಗೆ ಅರ್ಥವಾಗದೆ ಹೋಗುವುದಿಲ್ಲ. ಪೆಂಟೆಕೋಸ್ಟಲ್ ಸಭೆಗಳಲ್ಲಿ ಆರಾಧನೆ ಮೂರು, ನಾಲ್ಕು ಗಂಟೆ ನಡೆಯುವುದುಂಟು. ಎದ್ದು ಹೋದರೆ ಎಲ್ಲರ ಕಣ್ಣೂ ನಿಮ್ಮ ಮೇಲೆಯೇ. ಸಭಾಪಾಲಕರಿಗೆ ಮೊದಲೇ ಹೇಳಿ, ಬಾಗಿಲ ಹತ್ತಿರ ಕುಳಿತು, ಸಂದೇಶ ಮುಗಿದ ಮೇಲೆ ಸದ್ದಿಲ್ಲದೆ ಹೊರಡಿ. ಶನಿವಾರವೇ ಆರಾಧಿಸುವ ಏಳನೇ ದಿನದ ಅಡ್ವೆಂಟಿಸ್ಟರ ಸಮಸ್ಯೆ ಶನಿವಾರದ್ದು. ಅವರಿಗೆ ನೀಟ್ ದಿನ ತೊಂದರೆಯಿಲ್ಲ, ಶನಿವಾರದ ತರಗತಿಗಳೇ ತೊಂದರೆ. ಅದರ ಟಿಪ್ಪಣಿ ಕೊಡುವ ಒಬ್ಬ ಸಹಪಾಠಿಯನ್ನು ಜೂನ್‌ನಲ್ಲೇ ಹುಡುಕಿಕೊಳ್ಳಬೇಕು.

ಎಚ್ಚರಿಕೆ: ಕೋಚಿಂಗ್ ಕೇಂದ್ರದ ಭಾನುವಾರದ ಟೆಸ್ಟ್ ವಿಚಾರವನ್ನು ಶುಲ್ಕ ಕಟ್ಟುವ ಮೊದಲು ಮಾತನಾಡಿ. ಮಧ್ಯಾಹ್ನದ ತಂಡದಲ್ಲಿ ಅಥವಾ ಸೋಮವಾರ ಬರೆಯಲು ಅವಕಾಶ ಕೊಡುತ್ತೀರಾ ಎಂದು ಕೇಳಿ, ಬರೆದು ಕೊಡುವಂತೆ ವಿನಂತಿಸಿ. ಶುಲ್ಕ ಕಟ್ಟುವ ದಿನ ಎಲ್ಲರೂ ಉದಾರಿಗಳು. ಜನವರಿಯಲ್ಲಿ ಕೇಳಿದರೆ ಕೇಳಿಸಿಕೊಳ್ಳುವವರು ಸಿಗುವುದಿಲ್ಲ.

ಹಂತ 5: ಸಭೆಯ ಕೆಲಸವನ್ನು ಒಪ್ಪಿಸಿ ಬನ್ನಿ

ಕೀಬೋರ್ಡ್ ನುಡಿಸುವ ಹುಡುಗ, ಗಾಯನ ತಂಡದಲ್ಲಿ ಮುಂದೆ ನಿಲ್ಲುವ ಹುಡುಗಿ, ಯುವಜನ ಸಭೆಯ ಕಾರ್ಯದರ್ಶಿ: ಬುದ್ಧಿವಂತ ಮಕ್ಕಳ ಹೆಗಲಿಗೇ ಸಭೆ ಕೆಲಸ ಹೊರಿಸುತ್ತದೆ. ಹೇಳದೆ ಕೇಳದೆ ತಪ್ಪಿಸಿಕೊಂಡರೆ ಡಿಸೆಂಬರಿನಲ್ಲಿ ಮನೆಗೇ ಬಂದು ಕರೆಯುತ್ತಾರೆ. ಆದ್ದರಿಂದ ಜೂನ್‌ನಲ್ಲೇ ಬದಲಿ ವ್ಯಕ್ತಿಯ ಹೆಸರಿನೊಂದಿಗೆ ಹೋಗಿ. "ಮುಂದಿನ ಮೇ ತಿಂಗಳವರೆಗೆ ನನಗೆ ಬಿಡುವು ಕೊಡಿ, ಅಲ್ಲಿಯವರೆಗೆ ಇವರು ನುಡಿಸುತ್ತಾರೆ" ಎಂದರೆ ಬೇಡವೆನ್ನುವವರು ಕಡಿಮೆ.

ಎಲ್ಲವನ್ನೂ ಬಿಡಬೇಡಿ ಎಂದೂ ಹೇಳುತ್ತೇನೆ. ಮನೆಯಿಂದ ಆಚೆ, ಕಾಲೇಜಿನಿಂದ ಆಚೆ, ನಿಮ್ಮ ಅಂಕ ಕೇಳದ ಜನ ಇರುವ ಒಂದು ಜಾಗ ಬೇಕು. ಚರ್ಚ್ ಅಂಥ ಜಾಗವಾಗಿದ್ದರೆ ಅದೊಂದು ಭಾಗ್ಯ. ಆದರೆ ಕೆಲವು ಸಭೆಗಳಲ್ಲಿ ಮಾದರಿ ಪರೀಕ್ಷೆಯ ಅಂಕವನ್ನೂ ಪ್ರಾರ್ಥನಾ ವಿಜ್ಞಾಪನೆಯೊಂದಿಗೆ ಧ್ವನಿವರ್ಧಕದಲ್ಲಿ ಹೇಳಿಬಿಡುತ್ತಾರೆ. ತಂದೆ ತಾಯಿಗೆ ನನ್ನ ಬೇಡಿಕೆ: ಮಗುವಿನ ಒಪ್ಪಿಗೆಯಿಲ್ಲದೆ ಅಂಕವನ್ನು, "ಇವಳನ್ನು ವೈದ್ಯಸೇವೆಗೆ ಅರ್ಪಿಸಿದ್ದೇವೆ" ಎಂಬ ಹರಕೆಯನ್ನು ಸಭೆಯ ಮುಂದೆ ಹೇಳಬೇಡಿ. ಹರಕೆ ಹೊತ್ತವರು ನೀವು, ಪರೀಕ್ಷೆ ಬರೆಯುವವಳು ಅವಳು.

ಹಂತ 6: ದಿನದ ಪ್ರಾರ್ಥನೆಗೆ ಅಳತೆಯಿರಲಿ

ಬೆಳಿಗ್ಗೆ ಹದಿನೈದು ನಿಮಿಷ ಸಾಕು, ಆದರೆ ಸಮಯ ಬದಲಾಗಬಾರದು. ಓದುವುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಸತ್ಯವೇದದಲ್ಲಿ 150 ಕೀರ್ತನೆಗಳಿವೆ. ಡಿಸೆಂಬರ್ 1ರಿಂದ ಏಪ್ರಿಲ್ 30ರವರೆಗೆ, ಅಧಿಕ ವರ್ಷವಲ್ಲದಿದ್ದರೆ, 151 ದಿನ. ದಿನಕ್ಕೊಂದು ಕೀರ್ತನೆ ಓದಿದರೆ ಪರೀಕ್ಷೆಯ ಮುನ್ನ ಮುಗಿಯುತ್ತದೆ, ಒಂದು ದಿನ ಮಿಗುತ್ತದೆ. ಮಿಕ್ಕ ದಿನವನ್ನು 176 ವಚನಗಳ 119ನೆಯ ಕೀರ್ತನೆಗೆ ಕೊಡಿ. ಅದು ಮಾರ್ಚ್ 29ಕ್ಕೆ ಬರುತ್ತದೆ, 30ಕ್ಕೂ ಮುಂದುವರಿಸಿ. ಇಡೀ ಸತ್ಯವೇದವನ್ನು ಒಂದು ವರ್ಷದಲ್ಲಿ ಓದಿ ಮುಗಿಸುವ ಯೋಜನೆ ಈ ವರ್ಷ ಬೇಡ. ಯಾಜಕಕಾಂಡದ ನಡುವೆ ಎರಡು ದಿನ ಹಿಂದುಳಿದು, ಸಿಲಬಸ್ ಸಾಲದ ಜೊತೆಗೆ ಅದೊಂದು ಸಾಲವೂ ತಲೆಗೇರುತ್ತದೆ. ಅವಸರವಿಲ್ಲದ ಕೆಲಸಕ್ಕೆ ನಮ್ಮ ಊರಿನಲ್ಲೇ ಉದಾಹರಣೆಯಿದೆ: 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕೈಗೆತ್ತಿಕೊಂಡ ಸತ್ಯವೇದದ ಕನ್ನಡ ಅನುವಾದ ಪೂರ್ಣಗೊಳ್ಳುವಷ್ಟರಲ್ಲಿ 1831 ಬಂದಿತ್ತು.

ಹಾಸ್ಟೆಲಿನಲ್ಲಿರುವವರು ಕೊಠಡಿಯ ಸಂಗಾತಿಗಳೊಂದಿಗೆ ಮೊದಲ ವಾರವೇ ಮಾತನಾಡಿಕೊಳ್ಳಿ. ಒಬ್ಬನು ಬೆಳಿಗ್ಗೆ ಶ್ಲೋಕ ಹೇಳುತ್ತಾನೆ, ಒಬ್ಬನು ನಮಾಜಿಗೆ ಏಳುತ್ತಾನೆ, ನೀವು ಮೊಣಕಾಲೂರುತ್ತೀರಿ. ಮೂವರೂ ದನಿ ತಗ್ಗಿಸಿದರೆ ಸಾಕು. ಮನೆಯ ಕುಟುಂಬ ಪ್ರಾರ್ಥನೆಗೆ ರಾತ್ರಿ ಒಂಬತ್ತಕ್ಕೆ ಹತ್ತು ನಿಮಿಷ ಫೋನಿನಲ್ಲಿ ಸೇರಿಕೊಳ್ಳಿ, ಆದರೆ ಪ್ರಾರ್ಥನೆಯ ಬಳಿಕ "ಇವತ್ತು ಎಷ್ಟು ಓದಿದೆ?" ಎಂಬ ವಿಚಾರಣೆ ಇರಬಾರದೆಂದು ಷರತ್ತು ಹಾಕಿ.

ಎಚ್ಚರಿಕೆ: ಓದು ಬೇಸರವಾದಾಗಲೆಲ್ಲ ಪ್ರಾರ್ಥನೆಗೆ ಕೂರುವ ಚಾಳಿ ಕೆಲವರಿಗುಂಟು. ಅದು ಭಕ್ತಿಯಂತೆ ಕಾಣುತ್ತದೆ, ಯಾರೂ ಬೈಯುವಂತಿಲ್ಲ. ಪರೀಕ್ಷಿಸುವ ಬಗೆ ಸುಲಭ: ಪ್ರಾರ್ಥನೆ ಮುಗಿದ ಕೂಡಲೇ ಅದೇ ಕುರ್ಚಿಯಲ್ಲಿ ಅದೇ ಬಿಡಿಸದ ಲೆಕ್ಕಕ್ಕೆ ಮರಳುತ್ತೀರಾ, ಇಲ್ಲವಾ ನೋಡಿಕೊಳ್ಳಿ.

ಹಂತ 7: ಉಪವಾಸದ ಬಗ್ಗೆ ಸರಿಯಾಗಿ ಕೇಳಿ ತಿಳಿಯಿರಿ

ಇಲ್ಲಿ ಬಹಳ ಜನ ಇಲ್ಲದ ನಿಯಮವನ್ನು ತಮ್ಮ ಮೇಲೆ ಹೇರಿಕೊಳ್ಳುತ್ತಾರೆ. ಕಥೋಲಿಕ ಧರ್ಮಸಭೆಯ ಕಾನೂನಿನಲ್ಲಿ ಉಪವಾಸದ ಕಟ್ಟಳೆ 18 ವರ್ಷ ತುಂಬಿದವರಿಗೆ, ಅದೂ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಎರಡು ದಿನ. ಮಾಂಸ ವರ್ಜಿಸುವ ನಿಯಮ 14 ದಾಟಿದವರಿಗೆ. ಪಿಯುಸಿಯಲ್ಲಿರುವ ಹೆಚ್ಚಿನವರಿಗೆ ಇನ್ನೂ ಹದಿನೆಂಟು ತುಂಬಿರುವುದಿಲ್ಲ. ಪ್ರೊಟೆಸ್ಟಂಟ್ ಸಭೆಗಳಲ್ಲಿ ಉಪವಾಸ ಸ್ವಂತ ಇಚ್ಛೆಗೆ ಬಿಟ್ಟದ್ದು.

ಮಾಡಲೇಬೇಕೆನಿಸಿದರೆ ಪರೀಕ್ಷೆ ಇಲ್ಲದ ದಿನ ಒಂದು ಹೊತ್ತು ಬಿಡಿ, ನೀರು ಬಿಡಬೇಡಿ. ಮೆದುಳು ಮುಖ್ಯವಾಗಿ ಗ್ಲೂಕೋಸ್ ಮೇಲೆ ನಡೆಯುತ್ತದೆಂದು ನೀವೇ ಓದಿದ್ದೀರಿ. ನಲವತ್ತು ಡಿಗ್ರಿ ದಾಟುವ ಬಿಸಿಲಿನಲ್ಲಿ ನೀರಿಲ್ಲದ ಉಪವಾಸ ಮಾಡಿ ಬಸ್ಸಿನಲ್ಲಿ ತಲೆಸುತ್ತಿ ಬಿದ್ದರೆ ಎರಡು ದಿನ ಹೋಗುತ್ತವೆ. ಊಟದ ಬದಲು ರೀಲ್ಸ್ ಬಿಡುವ ನಲವತ್ತು ದಿನವನ್ನು ನಾನು ಹೆಚ್ಚು ಗೌರವಿಸುತ್ತೇನೆ, ಅದು ಹೆಚ್ಚು ಕಷ್ಟವೂ ಹೌದು. ಇಡೀ ರಾತ್ರಿಯ ಜಾಗರಣೆ ಪ್ರಾರ್ಥನೆಗಳು ಮಾತ್ರ ಈ ವರ್ಷ ಬೇಡವೇ ಬೇಡ. ಒಂದು ರಾತ್ರಿ ಕೆಟ್ಟ ನಿದ್ದೆ ಮೂರು ದಿನದ ಓದನ್ನು ತಿನ್ನುತ್ತದೆ.

ಹಂತ 8: ಪಠ್ಯ ಮತ್ತು ನಂಬಿಕೆ ಎದುರಾಗುವ ಪುಟಗಳು

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಜೀವವಿಕಾಸದ ಅಧ್ಯಾಯ ಬಂದಾಗ ಯಾರಾದರೊಬ್ಬರು ತರಗತಿ ಮುಗಿದ ಮೇಲೆ ಹಿಂದೆ ನಿಲ್ಲುತ್ತಾರೆ. ಕೆಲವರು ಆ ಅಧ್ಯಾಯವನ್ನೇ ಬಿಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ. ಪ್ರತಿ ವರ್ಷ ಅದರಿಂದ ಪ್ರಶ್ನೆ ಬರುತ್ತದೆ, ಒಂದೊಂದಕ್ಕೂ ನಾಲ್ಕು ಅಂಕ.

ಕ್ರೈಸ್ತರೆಲ್ಲರೂ ಇದನ್ನು ಒಂದೇ ಬಗೆಯಲ್ಲಿ ನೋಡುವುದಿಲ್ಲ ಎಂಬುದನ್ನೂ ತಿಳಿದಿರಿ. ಪೋಪ್ ಹನ್ನೆರಡನೆಯ ಪಯಸ್ 1950ರಲ್ಲಿಯೇ ಮಾನವ ದೇಹದ ವಿಕಾಸದ ಬಗ್ಗೆ ಸಂಶೋಧನೆಗೆ ಅಡ್ಡಿಯಿಲ್ಲವೆಂದರು. ಎರಡನೆಯ ಜಾನ್ ಪಾಲ್ 1996ರಲ್ಲಿ ಅದು ಬರಿಯ ಊಹೆಗಿಂತ ಮೇಲಿನದು ಎಂದು ಒಪ್ಪಿದರು. ಇತ್ತ ಸೃಷ್ಟಿಯ ಆರು ದಿನಗಳನ್ನು ಅಕ್ಷರಶಃ ನಂಬುವ ಸಭೆಗಳೂ ನಮ್ಮ ಊರುಗಳಲ್ಲಿವೆ. ನೀವು ಯಾವ ಕಡೆಯವರಾದರೂ ಪರೀಕ್ಷೆಯಲ್ಲಿ ಕೇಳುವುದು ಪಠ್ಯಪುಸ್ತಕ ಏನು ಹೇಳುತ್ತದೆ ಎಂದು. ಹಾರ್ಡಿ-ವೈನ್‌ಬರ್ಗ್ ಸಮೀಕರಣಕ್ಕೆ ನಿಮ್ಮ ಸಭೆ ಯಾವುದೆಂದು ಗೊತ್ತಿಲ್ಲ. ಅಂದಹಾಗೆ, ಅದಕ್ಕೆ ಮುಂಚಿನ ಆನುವಂಶಿಕತೆಯ ಪಾಠದಲ್ಲಿ ನೀವು ಬಾಯಿಪಾಠ ಮಾಡುವ ಗ್ರೆಗರ್ ಮೆಂಡೆಲ್ ಅಗಸ್ಟೀನಿಯನ್ ಸಭೆಯ ಸನ್ಯಾಸಿ. 1856ರಿಂದ 1863ರವರೆಗೆ ಬಟಾಣಿ ಗಿಡಗಳ ಮೇಲೆ ಅವರು ಪ್ರಯೋಗ ಮಾಡಿದ್ದು ಬ್ರನೋ ನಗರದ ಮಠದ ತೋಟದಲ್ಲಿ.

ಸಂತಾನೋತ್ಪತ್ತಿ ಆರೋಗ್ಯದ ಪಾಠ ಇನ್ನೂ ಸೂಕ್ಷ್ಮ. ಗರ್ಭನಿರೋಧಕಗಳು, 1971ರ ವೈದ್ಯಕೀಯ ಗರ್ಭಸಮಾಪ್ತಿ ಕಾಯ್ದೆ ಎಲ್ಲವೂ ಅಲ್ಲಿವೆ. ಕಾಯ್ದೆಯ ವರ್ಷ ತಿಳಿದಿರುವುದಕ್ಕೂ ಅದನ್ನು ಒಪ್ಪುವುದಕ್ಕೂ ವ್ಯತ್ಯಾಸವಿದೆ. ಮನಸ್ಸಿಗೆ ಮುಳ್ಳಾಗುವ ಪ್ರಶ್ನೆ ಬಂದಾಗ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಒಂದು ಸಾಲು ಬರೆದಿಟ್ಟು ಮುಂದೆ ಹೋಗಿ. ಮೇ ತಿಂಗಳ ನಂತರ ಆ ಪುಟವನ್ನು ಧರ್ಮಗುರುಗಳ ಬಳಿ ಒಯ್ಯಿರಿ, ಸಾಧ್ಯವಾದರೆ ನಿಮ್ಮ ಸಭೆಯ ಒಬ್ಬ ವೈದ್ಯರ ಬಳಿಯೂ.

ಹಂತ 9: ಕಾಗದಪತ್ರ

ಓದಿ ಅಂಕ ಗಳಿಸಿ, ಕಾಗದದಲ್ಲಿ ಎಡವುವವರು ನಮ್ಮ ಜಿಲ್ಲೆಗಳಲ್ಲಿ ಕಡಿಮೆಯಿಲ್ಲ. ಈ ಹಂತವನ್ನು ದಸರಾ ರಜೆಯೊಳಗೆ ಮುಗಿಸಿ.

ಮೊದಲನೆಯದು ಹೆಸರು. ದೀಕ್ಷಾಸ್ನಾನದಲ್ಲಿ ಯೋಹಾನ, ಶಾಲೆಯಲ್ಲಿ ಯಲ್ಲಪ್ಪ, ಆಧಾರ್‌ನಲ್ಲಿ ಇನ್ನೊಂದು ಕಾಗುಣಿತ: ಇದು ನಮ್ಮಲ್ಲಿ ಮನೆಮನೆಯ ಕಥೆ. ಅರ್ಜಿಯಲ್ಲಿ ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿರುವ ಹೆಸರನ್ನೇ ಬರೆಯಿರಿ, ಆಧಾರ್ ಅದಕ್ಕೆ ಹೊಂದುವಂತೆ ಮೊದಲೇ ತಿದ್ದಿಸಿ.

ಎರಡನೆಯದು 371 ಜೆ ಪ್ರಮಾಣಪತ್ರ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಕಲ್ಯಾಣ ಕರ್ನಾಟಕಕ್ಕೆ ಸಿಕ್ಕ ಈ ಸೌಲಭ್ಯದಡಿ ನಮ್ಮ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ 70, ರಾಜ್ಯದ ಉಳಿದೆಡೆ ಶೇ 8 ಮೀಸಲು. ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ, 1961ರಲ್ಲಿ ಆರಂಭವಾದ ಬಳ್ಳಾರಿಯ ಸರ್ಕಾರಿ ಕಾಲೇಜು, ರಾಯಚೂರಿನ ರಿಮ್ಸ್, ಕೊಪ್ಪಳದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಮೂರರಲ್ಲೂ ಇದು ದೊಡ್ಡ ಬಲ. ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿ. ರಾಯಚೂರು ಜಿಲ್ಲೆಯಲ್ಲಿ ರಾಯಚೂರು, ಲಿಂಗಸುಗೂರು ಎಂದು ಎರಡು ಉಪವಿಭಾಗಗಳಿವೆ, ನಿಮ್ಮ ತಾಲ್ಲೂಕು ಯಾವುದಕ್ಕೆ ಸೇರಿದೆ ನೋಡಿಕೊಂಡು ಬಸ್ ಹತ್ತಿ.

ಮೂರನೆಯದು ಮೀಸಲಾತಿ, ಎಲ್ಲಕ್ಕಿಂತ ನಾಜೂಕು. ರಾಜ್ಯದ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಮತಾಂತರಗೊಂಡವರು ಪ್ರವರ್ಗ 1, ಉಳಿದ ಕ್ರೈಸ್ತರು ಪ್ರವರ್ಗ 3ಬಿ. ಅದಕ್ಕೆ ತಹಶೀಲ್ದಾರರಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ನಾಡಕಚೇರಿಯ ಮೂಲಕ ಸಿಗುತ್ತದೆ. ರಾಜ್ಯದ 3ಬಿ ಎಂದರೆ ಕೇಂದ್ರದ ಒಬಿಸಿ ಎಂದು ತಿಳಿದು ನೀಟ್ ಅರ್ಜಿಯಲ್ಲಿ ಗುರುತು ಹಾಕುವವರಿದ್ದಾರೆ. ಎರಡು ಪಟ್ಟಿಗಳೂ ಬೇರೆ, ಪರಿಶೀಲಿಸದೆ ಹಾಕಬೇಡಿ. ಇನ್ನು, 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂ, ಸಿಖ್, ಬೌದ್ಧ ಧರ್ಮದವರಿಗೆ ಮಾತ್ರ. ಪರಿಶಿಷ್ಟ ಪಂಗಡಕ್ಕೆ ಈ ಧರ್ಮದ ಷರತ್ತಿಲ್ಲ. ಆ ಆದೇಶ ನ್ಯಾಯವಲ್ಲವೆಂದು 2004ರಲ್ಲಿಯೇ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಗಿದೆ, ನನಗೂ ಅದರ ಬಗ್ಗೆ ನನ್ನದೇ ಅಭಿಪ್ರಾಯವಿದೆ. ಆದರೆ ಒಂದು ಕೈಯಲ್ಲಿ ಪರಿಶಿಷ್ಟ ಜಾತಿ ಪ್ರಮಾಣಪತ್ರ, ಇನ್ನೊಂದು ಕೈಯಲ್ಲಿ ಅಲ್ಪಸಂಖ್ಯಾತ ಕೋಟಾಕ್ಕೆ ದೀಕ್ಷಾಸ್ನಾನದ ಪತ್ರ ಹಿಡಿದು ಹೋದರೆ ಸಿಕ್ಕ ಸೀಟೂ ಮುಂದೊಂದು ದಿನ ರದ್ದಾಗಬಹುದು. ದಾಖಲೆ ಏನಿದೆಯೋ ಅದನ್ನು ತಿಳಿದ ವಕೀಲರಿಗೆ ತೋರಿಸಿ, ಒಂದೇ ದಾರಿ ಹಿಡಿಯಿರಿ.

ನಾಲ್ಕನೆಯದು ಕ್ರೈಸ್ತ ಕಾಲೇಜುಗಳು. ಬೆಂಗಳೂರಿನ ಸೇಂಟ್ ಜಾನ್ಸ್, ಮಂಗಳೂರಿನ ಫಾದರ್ ಮುಲ್ಲರ್, ವೆಲ್ಲೂರಿನ ಸಿಎಂಸಿ, ಎಲ್ಲಕ್ಕೂ ನೀಟ್ ಅಂಕವೇ ಆಧಾರ. ಅಲ್ಪಸಂಖ್ಯಾತ ಸಂಸ್ಥೆಗಳಿಗೂ ನೀಟ್ ಅನ್ವಯಿಸುತ್ತದೆಂದು 2020ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿದೆ. ವೆಲ್ಲೂರಿನಲ್ಲಿ ಸಭೆಗಳು, ಮಿಷನ್ ಸಂಸ್ಥೆಗಳು ಅಭ್ಯರ್ಥಿಯನ್ನು ಪ್ರಾಯೋಜಿಸುವ ಪದ್ಧತಿಯಿದೆ. ಅಂಥ ಸೀಟು ಪಡೆದವರು ಓದು ಮುಗಿದ ಮೇಲೆ ನಿಗದಿತ ಅವಧಿ ಮಿಷನ್ ಆಸ್ಪತ್ರೆಯಲ್ಲಿ ದುಡಿಯಬೇಕು. ನಿಮ್ಮ ಸಭೆಗೆ ಪ್ರಾಯೋಜಿಸುವ ಹಕ್ಕಿದೆಯೇ, ಅರ್ಜಿ ಯಾವಾಗ ಎಂದು ಗುರುಗಳನ್ನು ಅಕ್ಟೋಬರಿನಲ್ಲಿಯೇ ಕೇಳಿ. ಜೂನ್ ಬಂದ ಮೇಲೆ ಕೇಳಿದರೆ ತಡವಾಗಿರುತ್ತದೆ.

ಎಚ್ಚರಿಕೆ: "ಬಿಷಪ್ಪರಿಗೆ ಆಪ್ತ, ಸಭೆಯ ಕೋಟಾದಲ್ಲಿ ಸೀಟು ಕೊಡಿಸುತ್ತೇನೆ" ಎನ್ನುವವರು ಪ್ರತಿ ಬೇಸಿಗೆ ಹುಟ್ಟಿಕೊಳ್ಳುತ್ತಾರೆ. ಮುಂಗಡ ಕೇಳಿದ ಕೂಡಲೇ ಎದ್ದು ಬನ್ನಿ. ಹಣ ಪಡೆದು ವಿಶೇಷ ಪ್ರಾರ್ಥನೆ ಮಾಡಿ, ರ್‍ಯಾಂಕ್ ಬಗ್ಗೆ ಪ್ರವಾದನೆ ಹೇಳುವವರಿಗೂ ಇದೇ ಮಾತು.

ಹಂತ 10: ಪರೀಕ್ಷೆಯ ಭಾನುವಾರ

ಕೇಂದ್ರ ಬೇರೆ ಊರಿನಲ್ಲಿದ್ದರೆ ಶನಿವಾರವೇ ಹೋಗಿ. ಕುಷ್ಟಗಿ, ಮಸ್ಕಿ, ಲಿಂಗಸುಗೂರಿನವರು ಭಾನುವಾರ ಬೆಳಗಿನ ಬಸ್ ನಂಬಬೇಡಿ. ಹೋದ ಊರಿನಲ್ಲಿ ಶನಿವಾರ ಸಂಜೆಯ ಪೂಜೆಯೋ ಭಾನುವಾರ ಬೆಳಗಿನ ಮೊದಲ ಆರಾಧನೆಯೋ ಇದ್ದರೆ ಹಿಂದಿನ ಸಾಲಿನಲ್ಲಿ ಕುಳಿತು ಬನ್ನಿ. ಇಲ್ಲದಿದ್ದರೆ ಕೊಠಡಿಯಲ್ಲೇ ಹತ್ತು ನಿಮಿಷ ಸಾಕು. ಇಡೀ ಸಭೆ ನಿಮ್ಮನ್ನು ಮುಂದೆ ಕರೆದು ಕೈಯಿಟ್ಟು ಪ್ರಾರ್ಥಿಸುವುದಿದ್ದರೆ ಹಿಂದಿನ ವಾರವೇ ಆಗಲಿ. ಆ ದಿನ ಅಷ್ಟು ಜನರ ನಿರೀಕ್ಷೆಯನ್ನು ಹೊತ್ತು ಹೋಗುವುದು ಭಾರ.

ಮಧ್ಯಾಹ್ನ ಒಂದೂವರೆಗೆ ಗೇಟು ಮುಚ್ಚುತ್ತದೆ. ಅರ್ಧ ತೋಳಿನ ಅಂಗಿ ಹಾಕಿ, ಚಪ್ಪಲಿ ಮೆಟ್ಟಿ ಹೋಗಿ. ಲೋಹದ ಆಭರಣ ಬೇಡ. ಕೊರಳಿನ ಶಿಲುಬೆ ಸರ, ಜಪಮಾಲೆಯ ಉಂಗುರ, ಕಿವಿಯೋಲೆ ಮನೆಯಲ್ಲಿಯೇ ಬಿಡಿ. ಧಾರ್ಮಿಕ ಉಡುಪು ಧರಿಸಿ ಬರುವವರು ತಪಾಸಣೆಗಾಗಿ ಬೇಗ ಬರಬೇಕೆಂದು ಸೂಚನೆಯಲ್ಲಿರುತ್ತದೆ, ಕನ್ಯಾಮಠದಿಂದ ಬರುವ ಅಭ್ಯರ್ಥಿಗಳು ಅದನ್ನು ಗಮನಿಸಿ. ಗೇಟಿನ ಬಳಿ ಸರ ಬಿಚ್ಚಬೇಕಾಗಿ ಬಂದು, ಅಪಶಕುನವಾಯಿತೆಂದು ಅತ್ತುಕೊಂಡು ಒಳಗೆ ಹೋದವರನ್ನು ನೋಡಿದ್ದೇನೆ. ಮೊದಲೇ ಬಿಚ್ಚಿಟ್ಟರೆ ಆ ಪ್ರಸಂಗವೇ ಇಲ್ಲ.

ಹಂತ 11: ಫಲಿತಾಂಶದ ನಂತರ

ಸೀಟು ಸಿಕ್ಕರೆ ಸಾಕ್ಷಿ ಹೇಳು ಎನ್ನುತ್ತಾರೆ, ಅಂದರೆ ದೇವರು ಮಾಡಿದ ಉಪಕಾರವನ್ನು ಸಭೆಯ ಮುಂದೆ ಹೇಳುವುದು. ಹೇಳಿ, ಆದರೆ ಅದೇ ಬೆಂಚಿನಲ್ಲಿ ಸೀಟು ಸಿಗದ ನಿಮ್ಮ ಗೆಳತಿಯೂ ಕುಳಿತಿದ್ದಾಳೆ, ಅವಳೂ ಅಷ್ಟೇ ಪ್ರಾರ್ಥಿಸಿದ್ದಳು ಎಂಬುದು ನೆನಪಿರಲಿ. ಸಿಗದಿದ್ದರೆ ನಿಮ್ಮ ನಂಬಿಕೆ ಸಾಲದಾಯಿತು ಎಂದು ಯಾರಾದರೂ ಅಂದಾರು. ಅವರು ಲಕ್ಷಾಂತರ ಅಭ್ಯರ್ಥಿಗಳ ಲೆಕ್ಕ ನೋಡಿದವರಲ್ಲ. ಊಟ, ನಿದ್ದೆ ಬಿಟ್ಟುಹೋಗುವಷ್ಟು ಮನಸ್ಸು ಕುಸಿದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲಿ ಮಾತನಾಡುತ್ತಾರೆ, ಶುಲ್ಕವಿಲ್ಲ. ಗುರುಗಳೊಂದಿಗೆ ಮಾತನಾಡುವುದೂ ಒಳ್ಳೆಯದೇ, ಒಂದು ಇನ್ನೊಂದಕ್ಕೆ ಬದಲಿಯಲ್ಲ.

ಇನ್ನೊಂದು ವರ್ಷ ಕೂರಬೇಕೇ, ಬಿಎಸ್ಸಿ ನರ್ಸಿಂಗ್, ದಂತವೈದ್ಯ, ಆಯುರ್ವೇದ, ಅಲೈಡ್ ಹೆಲ್ತ್ ಕೋರ್ಸುಗಳ ಕಡೆ ನೋಡಬೇಕೇ ಎಂಬುದನ್ನು ಫಲಿತಾಂಶದ ವಾರ ನಿರ್ಧರಿಸಬೇಡಿ. ಆದರೆ ನೋಂದಣಿ ಮಾತ್ರ ಬಿಡಬೇಡಿ. ನೀಟ್ ಬರೆದರೆ ಸೀಟು ತಾನಾಗಿ ಬರುವುದಿಲ್ಲ. ಸರ್ಕಾರಿ ಕಾಲೇಜುಗಳ ಶೇ 85 ಸೀಟುಗಳಿಗೆ ರಾಜ್ಯದ ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ, ಶೇ 15 ಅಖಿಲ ಭಾರತ ಕೋಟಾಕ್ಕೆ ಕೇಂದ್ರದ ಎಂಸಿಸಿ, ಅಂದರೆ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿಯಲ್ಲಿ ಬೇರೆ ಬೇರೆಯಾಗಿ ನೋಂದಾಯಿಸಬೇಕು. ಸೀಟು ಸಿಕ್ಕವರು ಶುಲ್ಕಕ್ಕಾಗಿ ಅಲ್ಪಸಂಖ್ಯಾತರಿಗಿರುವ ಅರಿವು ಸಾಲ ಯೋಜನೆಯನ್ನು ವಿಚಾರಿಸಿ. ಕಾಲೇಜುಗಳ ಆದ್ಯತಾ ಪಟ್ಟಿ ದಾಖಲಿಸುವ ಗಡುವು ಕೆಲವೊಮ್ಮೆ ಎರಡೇ ದಿನ ಇರುತ್ತದೆ, ಅದು ಭಾನುವಾರವೂ ಬೀಳಬಹುದು. ಫೋನನ್ನು ನಿಶ್ಶಬ್ದದಲ್ಲಿಟ್ಟು ಆರಾಧನೆಗೆ ಹೋಗಿ, ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗಲೇ ಸಂದೇಶ ಬಂದಿದೆಯೇ ನೋಡಿ.